ಇಂಗ್ಲೆಂಡಿನ ಬಾಡಿಗೆ ಮನೆಯಲ್ಲಿ ಆರ್‌ಸಿಡಿ: ಟೆಸ್ಟ್ ಬಟನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೈಸೂರು, ಮಂಡ್ಯದಿಂದ ಹೋಗಿ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹಿಡಿದವರು ಮೊದಲ ವಾರದಲ್ಲೇ ಕರೆಂಟಿನ ಡಬ್ಬ ಎಲ್ಲಿದೆ, ಅದರಲ್ಲಿ ಆರ್‌ಸಿಡಿ ಇದೆಯೇ, ಅದು ಟ್ರಿಪ್ ಆಗುತ್ತದೆಯೇ ಎಂದು ನೋಡಿಕೊಳ್ಳಬೇಕು. ನಮ್ಮೂರ ಎಲೆಕ್ಟ್ರಿಷಿಯನ್ನರು ಇಎಲ್‌ಸಿಬಿ ಅನ್ನುವುದು ಸಾಮಾನ್ಯವಾಗಿ ಇದನ್ನೇ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರದೆ ಎಲ್ಲೋ ಸೋರುತ್ತಿದೆ ಎಂದು ಗೊತ್ತಾದ ಕೂಡಲೇ ಅದು ಲೈನ್ ಕಡಿಯುತ್ತದೆ. ಜನರನ್ನು ಶಾಕ್‌ನಿಂದ ಕಾಯಲು ಹಾಕುವುದು 30 ಮಿಲಿಆಂಪಿಯರ್‌ನದು. ಸಾಧನದ ಮುಖದ ಮೇಲೇ ಬರೆದಿರುತ್ತದೆ.

ಡಬ್ಬ ಮೆಟ್ಟಿಲ ಕೆಳಗೋ, ಮುಂಬಾಗಿಲ ಹತ್ತಿರದ ಕಪಾಟಿನಲ್ಲೋ ಇರುತ್ತದೆ. ಒಂದು ತುದಿಯ ದೊಡ್ಡ ಸ್ವಿಚ್ ಮೈನ್. ಅದು ಆಫ್ ಮಾಡಲಿಕ್ಕೆ ಮಾತ್ರ, ಶಾಕ್‌ನಿಂದ ಕಾಯುವುದಿಲ್ಲ. ಎರಡು ಎಂಸಿಬಿಯಷ್ಟು (ಲೋಡ್ ಹೆಚ್ಚಾದರೆ ಒಂದೊಂದು ಸರ್ಕ್ಯೂಟನ್ನು ಕಡಿಯುವ ಚಿಕ್ಕ ಸ್ವಿಚ್) ಅಗಲವಾಗಿದ್ದು ‘ಟಿ’ ಅಥವಾ ‘ಟೆಸ್ಟ್’ ಎಂಬ ಪುಟ್ಟ ಬಟನ್ ಇರುವುದೇ ಆರ್‌ಸಿಡಿ. ಹಲವು ಮನೆಗಳಲ್ಲಿ ಇಂಥವು ಎರಡಿದ್ದು, ಒಂದೊಂದೂ ಪಕ್ಕದ ಸಾಲಿನ ಎಂಸಿಬಿಗಳನ್ನು ನೋಡಿಕೊಳ್ಳುತ್ತದೆ. ಹೊಸ ಡಬ್ಬಗಳಲ್ಲಿ ಪ್ರತಿ ಎಂಸಿಬಿಗೂ ಬಟನ್ ಇದ್ದರೆ ಅವು ಆರ್‌ಸಿಬಿಒ, ಅಂದರೆ ಎಂಸಿಬಿ, ಆರ್‌ಸಿಡಿ ಎರಡರ ಕೆಲಸವನ್ನೂ ಒಂದೇ ಮಾಡುವಂಥವು. ಅವನ್ನು ಒಂದೊಂದಾಗಿ ಒತ್ತಿ ನೋಡಬೇಕು. ತಂತಿ ಕಟ್ಟುವ ಹಳೇ ಫ್ಯೂಸ್‌ಗಳಿದ್ದು ಬಟನ್ನೇ ಕಾಣದಿದ್ದರೆ ಆರ್‌ಸಿಡಿ ಇಲ್ಲವೆಂದೇ ತಿಳಿದು ಮನೆ ಮಾಲೀಕರಿಗೆ ಬರೆಯಿರಿ. ಆರ್‌ಸಿಡಿ ಇದ್ದ ಮಾತ್ರಕ್ಕೆ ಇಡೀ ಮನೆ ಅದರಡಿ ಇದೆ ಅಂದುಕೊಳ್ಳಬೇಡಿ. ಅಲ್ಲಿನ ವೈರಿಂಗ್ ನಿಯಮ ಮನೆಯ ಲೈಟಿನ ಸರ್ಕ್ಯೂಟ್‌ಗೂ ಇದನ್ನು ಕೇಳಿದ್ದು 2018ರ ಆವೃತ್ತಿಯಲ್ಲಿ. ಹಳೇ ವೈರಿಂಗ್‌ನಲ್ಲಿ ಸಾಕೆಟ್‌ಗಳಿಗೆ ಮಾತ್ರ ಇರುವುದುಂಟು.

ಒತ್ತುವುದು ಹೀಗೆ. ಹಗಲಲ್ಲಿ, ಒಣ ಕೈಯಲ್ಲಿ, ಟಾರ್ಚ್ ಹತ್ತಿರ ಇಟ್ಟುಕೊಂಡು ಮಾಡಿ. ಕರೆಂಟ್ ಇಲ್ಲದಾಗ ಬಟನ್ ಕೆಲಸ ಮಾಡುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ಮನೆಯಲ್ಲಿ ಯಾರಾದರೂ ಆಕ್ಸಿಜನ್ ಯಂತ್ರದಂಥದ್ದನ್ನು ಬಳಸುತ್ತಿದ್ದರೆ ಮೊದಲು ಅದಕ್ಕೆ ಬೇರೆ ವ್ಯವಸ್ಥೆ ಆಗಲಿ. ಬಟನ್ ಒಮ್ಮೆ ಒತ್ತಿ ಬಿಟ್ಟುಬಿಡಿ. ಹಿಡಿದುಕೊಂಡೇ ಇರಬೇಡಿ, ಸಾಧನ ಟ್ರಿಪ್ ಆಗದಿದ್ದರೆ ಒಳಗಿನ ಚಿಕ್ಕ ರೆಸಿಸ್ಟರ್ ಸುಟ್ಟುಹೋಗಬಹುದು. ಟಕ್ ಎಂದು ಲಿವರ್ ಬೀಳಬೇಕು. ಆಗ ಒಂದು ಟೇಬಲ್ ಲ್ಯಾಂಪ್ ಹಿಡಿದು ಮನೆಯೆಲ್ಲ ಸುತ್ತಿ, ಯಾವ ಸಾಕೆಟ್ ಸತ್ತಿದೆ, ಯಾವುದು ಇನ್ನೂ ಬದುಕಿದೆ ಎಂದು ಬರೆದುಕೊಳ್ಳಿ. ಅಡುಗೆಮನೆಯ ಸಾಕೆಟ್ಟು ಮತ್ತು ಎಲೆಕ್ಟ್ರಿಕ್ ಶವರ್ ಯಾವುದರಡಿ ಇವೆ ಎಂಬುದನ್ನಂತೂ ಬಿಡಬೇಡಿ. ಆಮೇಲೆ ಲಿವರನ್ನು ಪೂರ್ತಿ ಕೆಳಗೆ ತಳ್ಳಿ, ಮೇಲಕ್ಕೆ ಹಾಕಿ. ಹಳೇ ಡಬ್ಬಗಳ ಲೇಬಲ್ ಮೂರು ತಿಂಗಳಿಗೊಮ್ಮೆ ಒತ್ತಿ ಎನ್ನುತ್ತದೆ, ಈಚಿನದು ಆರು ತಿಂಗಳಿಗೊಮ್ಮೆ. ಒತ್ತಿದರೂ ಬೀಳದಿದ್ದರೆ ಅದನ್ನು ಕೈಯಿಂದ ಆಫ್ ಮಾಡಿ, ಅದರ ಸಾಲಿನ ಸಾಕೆಟ್ ಬಳಸುವುದನ್ನು ನಿಲ್ಲಿಸಿ, ಅಂದೇ ತಿಳಿಸಿ.

ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ. ಬಟನ್ ಒತ್ತಿದಾಗ ಸಾಧನದ ಒಳಗೇ ಫೇಸ್‌ನಿಂದ ನ್ಯೂಟ್ರಲ್‌ಗೆ, ಅಳತೆಯ ಸುರುಳಿಯನ್ನು ಸುತ್ತುಹಾಕಿ, ಒಂದಿಷ್ಟು ಕರೆಂಟ್ ಹರಿಯುತ್ತದೆ. ಅರ್ಥ್ ವೈರ್ ಇದರಲ್ಲಿ ಬರುವುದೇ ಇಲ್ಲ. ಅರ್ಥಿಂಗ್ ತುಂಡಾಗಿರುವ ಮನೆಯಲ್ಲೂ ಬಟನ್ ಒತ್ತಿದರೆ ಆರ್‌ಸಿಡಿ ಚೆನ್ನಾಗಿ ಬೀಳುತ್ತದೆ. ಬಟನ್ ಹೇಳುವುದು ಯಂತ್ರ ಅಂಟಿಕೊಂಡಿಲ್ಲ ಎಂದಷ್ಟೇ. ಎಷ್ಟು ಮಿಲಿಆಂಪಿಯರ್‌ಗೆ, ಎಷ್ಟು ಬೇಗ ಬೀಳುತ್ತದೆ ಎಂಬುದಕ್ಕೆ ಮೀಟರ್ ಬೇಕು: 30 ಮಿಲಿಆಂಪಿಯರ್ ಹರಿಸಿದಾಗ ಈಗಿನ ಸಾಧನ 300 ಮಿಲಿಸೆಕೆಂಡಿನೊಳಗೆ ಬೀಳಬೇಕು, ಅದರರ್ಧ 15ಕ್ಕೆ ಬೀಳಬಾರದು. ಎಲೆಕ್ಟ್ರಿಷಿಯನ್ ಮೊದಲು ಅರ್ಥ್ ಸರಿಯಿದೆ ಎಂದು ಅಳೆದೇ ಆ ಮೀಟರ್ ಹಚ್ಚುತ್ತಾರೆ, ಏಕೆಂದರೆ ಅರ್ಥ್ ಕಡಿದಿದ್ದರೆ ಪರೀಕ್ಷೆಯ ಕರೆಂಟೇ ಲೋಹದ ಮೈಗೆಲ್ಲ ವೋಲ್ಟೇಜ್ ಏರಿಸಬಹುದು.

ಅದೇ ಕಾರಣಕ್ಕೆ ನಮ್ಮ ಕಡೆಯ ಟೆಸ್ಟ್ ಲ್ಯಾಂಪ್ ಪದ್ಧತಿ ಅಲ್ಲಿ ಬೇಡವೇ ಬೇಡ. ಹೋಲ್ಡರ್‌ಗೆ ಬಲ್ಬ್ ಹಾಕಿ, ಒಂದು ವೈರ್ ಫೇಸ್‌ಗೆ, ಇನ್ನೊಂದು ಅರ್ಥ್‌ಗೆ ಕೊಟ್ಟು ‘ಉರೀತು, ಅರ್ಥ್ ಇದೆ’ ಅನ್ನುವುದು ಇದೆಯಲ್ಲ, ಅದರಲ್ಲಿ 60 ವ್ಯಾಟ್ ಬಲ್ಬ್ ಆದರೆ ಸುಮಾರು 260 ಮಿಲಿಆಂಪಿಯರ್ ಅರ್ಥ್‌ಗೆ ಹರಿಯುತ್ತದೆ. ಅರ್ಥ್ ಚೆನ್ನಾಗಿದ್ದು ಸರ್ಕ್ಯೂಟ್ ಆರ್‌ಸಿಡಿಯಡಿ ಇದ್ದರೆ ತಕ್ಷಣ ಕತ್ತಲು. ಮುಂದೆ ಎಲ್ಲೋ ಅರ್ಥ್ ತುಂಡಾಗಿದ್ದರೆ ಬಲ್ಬ್ ಉರಿಯುವುದಿಲ್ಲ, ಆದರೆ ಆ ಅರ್ಥ್‌ಗೆ ಸೇರಿದ ವಾಷಿಂಗ್ ಮಷೀನ್, ಫ್ರಿಜ್‌ನ ಮೈಯೆಲ್ಲ ಫೇಸ್ ಆಗಿ ಕೂರುತ್ತದೆ.

ವೈರಿನ ಬಣ್ಣವೂ ಮೋಸ ಮಾಡುತ್ತದೆ. ನಮ್ಮ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗಳು, ಕಪ್ಪು ನ್ಯೂಟ್ರಲ್. ಬ್ರಿಟನ್‌ನಲ್ಲಿ ಈಗ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟಿಯದು ಅರ್ಥ್. ತ್ರೀ ಫೇಸ್ ಆದರೆ ಕಂದು, ಕಪ್ಪು, ಬೂದು ಮೂರೂ ಫೇಸ್. ಅಂದರೆ ನಾವು ನಿಶ್ಚಿಂತೆಯಿಂದ ಮುಟ್ಟುವ ಕಪ್ಪು ಅಲ್ಲಿ ಫೇಸ್ ಆಗಿರಬಹುದು. 2006ಕ್ಕೆ ಮೊದಲಿನ ಮನೆಗಳಲ್ಲಿ ಹಳೇ ಕೆಂಪು-ಕಪ್ಪು ವೈರ್ ಉಳಿದಿದ್ದು, ಒಂದೇ ಡಬ್ಬದಲ್ಲಿ ಎರಡೂ ಬಗೆ ಸಿಗುತ್ತವೆ. ಡಬ್ಬದ ಮುಚ್ಚಳ ಬಿಚ್ಚಬೇಡಿ. ಮೈನ್ ಆಫ್ ಮಾಡಿದರೂ ಅದರ ಮೇಲಿನ ತುದಿಗೆ ಬರುವ ದಪ್ಪ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಆರ್‌ಸಿಡಿ ತಾನಾಗಿ ಟ್ರಿಪ್ ಆಗಿ ಮತ್ತೆ ನಿಲ್ಲದಿದ್ದರೆ, ಆ ಸಾಲಿನ ಎಂಸಿಬಿಗಳನ್ನೆಲ್ಲ ಇಳಿಸಿ, ಆರ್‌ಸಿಡಿ ಏರಿಸಿ, ಎಂಸಿಬಿಗಳನ್ನು ಒಂದೊಂದಾಗಿ ಹಾಕಿ. ಯಾವುದಕ್ಕೆ ಬೀಳುತ್ತದೋ ಆ ಸರ್ಕ್ಯೂಟ್‌ನಲ್ಲಿದೆ ತೊಂದರೆ. ಎಲ್ಲ ಎಂಸಿಬಿ ಇಳಿಸಿದ ಮೇಲೂ ಬೀಳುತ್ತಿದ್ದರೆ ಆರ್‌ಸಿಡಿಯನ್ನೇ ಬೈಯಬೇಡಿ. ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಅರ್ಥ್‌ಗೆ ತಾಗಿದ್ದರೆ ಸೋರಿಕೆ ಹಾಗೇ ಉಳಿಯುತ್ತದೆ. ಸಾಕೆಟ್ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್‌ಗಳನ್ನು ಕಿತ್ತೇ ನೋಡಬೇಕು. ಕೆಟಲ್, ವಾಷಿಂಗ್ ಮಷೀನ್, ಊರಿಂದ ತಂದ ಗ್ರೈಂಡರ್ ಮೊದಲು.

ಅಳತೆಯ ಪರೀಕ್ಷೆಗೆ ನೀವು ದುಡ್ಡು ಕೊಡಬೇಕಿಲ್ಲ. ಇಂಗ್ಲೆಂಡಿನ 2020ರ ನಿಯಮದಂತೆ ಖಾಸಗಿ ಬಾಡಿಗೆ ಮನೆಯ ಮಾಲೀಕರು ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಅರ್ಹರಿಂದ ವೈರಿಂಗ್ ತಪಾಸಣೆ ಮಾಡಿಸಬೇಕು, ಹೊಸ ಬಾಡಿಗೆದಾರರಿಗೆ ಮನೆಗೆ ಬರುವ ಮುಂಚೆಯೇ ವರದಿಯ ಪ್ರತಿ ಕೊಡಬೇಕು. ಈ ವರದಿಗೆ ಇಐಸಿಆರ್ ಎನ್ನುತ್ತಾರೆ. ಅದರಲ್ಲಿ ‘ಸಿ1’ ಅಂದರೆ ಅಪಾಯ ಈಗಲೇ ಇದೆ, ‘ಸಿ2’ ಅಂದರೆ ಆಗಬಹುದು, ‘ಎಫ್‌ಐ’ ಅಂದರೆ ಇನ್ನೂ ಪರೀಕ್ಷಿಸಬೇಕು. ಇವು ಮೂರಕ್ಕೂ 28 ದಿನದೊಳಗೆ, ವರದಿ ಇನ್ನೂ ಬೇಗ ಎಂದಿದ್ದರೆ ಅಷ್ಟರೊಳಗೆ ಕ್ರಮ ಆಗಬೇಕು. ‘ಸಿ3’ ಸಲಹೆ ಮಾತ್ರ. ಕೊನೆಯ ಪುಟಗಳ ಕೋಷ್ಟಕದಲ್ಲಿ ಪ್ರತಿ ಸರ್ಕ್ಯೂಟ್‌ನ ಆರ್‌ಸಿಡಿ ಸಮಯ ಮಿಲಿಸೆಕೆಂಡಿನಲ್ಲಿ ಇರುತ್ತದೆ. ಆ ಕಾಲಂ ಖಾಲಿ ಇದ್ದ ಸರ್ಕ್ಯೂಟ್ ಯಾವುದೆಂದು ಲ್ಯಾಂಪ್ ಹಿಡಿದು ಬರೆದ ನಿಮ್ಮ ಪಟ್ಟಿಯ ಪಕ್ಕ ಇಟ್ಟು ನೋಡಿ, ಮಾಲೀಕರಿಗೆ ಬರೆದೇ ಕೇಳಿ. ಉತ್ತರ ಬಾರದಿದ್ದರೆ ದೂರು ಕೊಡಬೇಕಾದ್ದು ಸ್ಥಳೀಯ ಕೌನ್ಸಿಲ್‌ಗೆ.