ಆರು ಜನರ ಗುಂಪಿನಲ್ಲಿ ಆರನೆಯವರು ಯಾರು?

ನಾನು ಟಿವಿಯಲ್ಲಿ ಬಂದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದ್ವೀಪದಲ್ಲಿ ಬಿಟ್ಟ ಆಟಗಾರರು ತಮ್ಮಲ್ಲೇ ಓಟು ಹಾಕಿ ಒಬ್ಬೊಬ್ಬರನ್ನೇ ಹೊರಗೆ ಕಳಿಸುವ ಸರ್ವೈವರ್ ಅನ್ನೋ ಟಿವಿ ಶೋ ಹುಚ್ಚು ಹಿಡಿಸಿಕೊಂಡ ಕೆಲವರು ಸೇರಿ, ಹೆಚ್ಚುಕಡಿಮೆ ಅದೇ ನಿಯಮ ಇಟ್ಟುಕೊಂಡು ಚಾಟ್‌ನಲ್ಲಿ ಆಡುವ ಆಟ ಇದು. 16 ಜನ, ಎರಡು ತಂಡ, ಎರಡು ದಿನಕ್ಕೊಂದು ಓಟು. 10 ಜನ ಉಳಿದಾಗ ತಂಡಗಳು ಒಂದಾಗುತ್ತವೆ. ಕೊನೆಗೆ ಉಳಿದ ಮೂವರಲ್ಲಿ ಗೆದ್ದವರು ಯಾರು ಅಂತ ಹೇಳುವುದು, ಅಲ್ಲಿಂದಾಚೆ ಹೊರಗೆ ಹೋದ 7 ಜನರ ಜ್ಯೂರಿ. ದ್ವೀಪ ಇಲ್ಲ, ಹಸಿವಿಲ್ಲ, ಕ್ಯಾಮೆರಾ ಇಲ್ಲ. ಸುಳ್ಳು ಮಾತ್ರ ಬೇಕಾದಷ್ಟಿದೆ.

ಬಿಗ್ ಬಾಸ್ ನೋಡುವವರಿಗೆ ಗುಂಪುಗಾರಿಕೆ ಅಂದ್ರೆ ಒಂಥರಾ ಬೈಗುಳ. ಅಲ್ಲಿ ಯಾರನ್ನು ನಾಮಿನೇಟ್ ಮಾಡ್ತೀರಿ ಅಂತ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವುದೇ ತಪ್ಪು, ಉಳಿಸುವುದೂ ಜನರ ಓಟು. ಇಲ್ಲಿ ಹಾಗಲ್ಲ. ಪಕ್ಕದಲ್ಲಿ ಕೂತವರೇ ನಿಮ್ಮ ಹೆಸರು ಬರೆಯುತ್ತಾರೆ. ಅಮೆರಿಕದ ಸರ್ವೈವರ್‌ನ ಮೊದಲ ಸೀಸನ್ 2000ದಲ್ಲಿ ಬಂದಾಗ ರಿಚರ್ಡ್ ಹ್ಯಾಚ್ ಮತ್ತೆ ಮೂವರು ಮೊದಲೇ ಮಾತಾಡಿಕೊಂಡು ಒಂದೇ ಹೆಸರಿಗೆ ಓಟು ಹಾಕತೊಡಗಿದರು. ಉಳಿದವರಲ್ಲಿ ಹಲವರಿಗೆ ಅದು ಮೋಸ ಅನಿಸಿತು. ಒಬ್ಬ ಡಾಕ್ಟರು ಯಾರಿಗೂ ಬೇಜಾರಾಗೋದು ಬೇಡ ಅಂತ ಅಕ್ಷರಮಾಲೆ ಪ್ರಕಾರ ಓಟು ಹಾಕುತ್ತಾ ಹೋದ. ಪಾಪ, ಮುಂದಿನ ಓಟು ಯಾರಿಗೆ ಅಂತ ಲೆಕ್ಕ ಹಾಕೋಕೆ ಎದುರಿನವರಿಗೆ ಎಷ್ಟು ಹೊತ್ತು ಬೇಕು? ಕೊನೆಗೆ ಹ್ಯಾಚ್ 4-3ರಲ್ಲಿ ಗೆದ್ದ.

ಇದನ್ನೆಲ್ಲ ನೋಡಿ ಅರೆದು ಕುಡಿದಿದ್ದೆ. ಹಾಗಾಗಿ ಮೊದಲ ಆಟದಲ್ಲಿ ನನಗೆ ಸಿಕ್ಕಾಪಟ್ಟೆ ಧೈರ್ಯ. 10 ಜನ ಉಳಿದಾಗ ನಮ್ಮ ಕಡೆ ಆರು, ಆ ಕಡೆ ನಾಲ್ಕು. ಅವರಲ್ಲಿ ಒಬ್ಬನ ಹತ್ತಿರ ಐಡಲ್ ಇದೆ ಅಂತ ಗುಮಾನಿ. ಐಡಲ್ ಅಂದ್ರೆ, ಅದನ್ನು ತೆಗೆದು ತೋರಿಸಿದರೆ ಅವತ್ತು ಅವನಿಗೆ ಬಿದ್ದ ಓಟು ಒಂದೂ ಲೆಕ್ಕಕ್ಕಿಲ್ಲ. ಇದಕ್ಕೆ ಶೋನಲ್ಲಿ ಮಾಡುವ ಉಪಾಯ ಓಟು ಒಡೆಯುವುದು. ಅರ್ಧ ಜನ ಒಬ್ಬನಿಗೆ, ಇನ್ನರ್ಧ ಇನ್ನೊಬ್ಬನಿಗೆ. ನಾನು ದೊಡ್ಡದಾಗಿ ಹೇಳಿದೆ, ಮೂರು ಮೂರು ಒಡೆಯೋಣ ಅಂತ. ನಮ್ಮ ಗುಂಪಿನಲ್ಲಿದ್ದ ಟೀಚರ್ ಒಬ್ಬರು ಒಂದು ನಿಮಿಷ ಬಿಟ್ಟು ಬರೆದರು: "ಅವರು ನಾಲ್ಕೂ ಜನ ನಿಮಗೇ ಹಾಕಿದ್ರೆ?"

3, 3, 4. ಐಡಲ್ ತೆಗೆಯುವುದೇ ಬೇಡ, ನಾನೇ ಮನೆಗೆ. ಟಿವಿಯಲ್ಲಿ ನೂರು ಸಲ ನೋಡಿದ್ದೆ, ಒಂದು ಸಲವೂ ಎಣಿಸಿರಲಿಲ್ಲ.

ಸರಿ, ಒಡೆಯೋದು ಬೇಡ, ಆರೂ ಓಟು ಒಬ್ಬನಿಗೇ ಅಂತ ಆಯಿತು. ಅವತ್ತು ಸಂಜೆಯ ಒಂದು ವಿಷಯ ಈಗಲೂ ತಲೆಯಲ್ಲಿ ಕೂತಿದೆ. ನಮ್ಮ ಗುಂಪಿನಲ್ಲಿ ಎಲ್ಲರೂ ಅಕ್ಕಾ ಅಂತ ಕರೆಯುತ್ತಿದ್ದ ಒಬ್ಬರಿದ್ದರು. ಪ್ರತಿ ಓಟಿಗೂ ಮುಂಚೆ ನಾಲ್ಕು ಸಲ ಕೇಳೋರು, "ಹೆಸರು ಅದೇನಾ? ಬದಲಾಗಿಲ್ಲ ತಾನೇ?" ನನಗೆ ಕಿರಿಕಿರಿ ಆಗೋದು. ಅವತ್ತು ಅವರು ಕೇಳಲಿಲ್ಲ. "ಊಟ ಆಯ್ತಾ?" ಅಂದರು, "ಆಯ್ತು" ಅಂದೆ, ಅಷ್ಟೇ. ಅಬ್ಬಾ, ಕೊನೆಗೂ ನಂಬಿಕೆ ಬಂತು ಅಂದುಕೊಂಡು ನೆಮ್ಮದಿಯಾಗಿ ಕೂತೆ.

ನಾಲ್ಕು ಓಟು ಅವನಿಗೆ, ಆರು ನನಗೆ.

ಆಮೇಲೆ ಗೊತ್ತಾಯಿತು. ಆ ಅಕ್ಕನಿಗೂ ಇನ್ನೊಬ್ಬ ಹುಡುಗನಿಗೂ ನಾನು ಬೇರೆಬೇರೆಯಾಗಿ "ಕೊನೆಯ ನಾಲ್ವರಲ್ಲಿ ನೀವಿದ್ದೀರಿ" ಅಂತ ಹೇಳಿದ್ದೆ. ಟೀಚರಿಗೂ ಹೇಳಿದ್ದೆ. ಎಲ್ಲರ ಮೂಗಿಗೂ ತುಪ್ಪ ಸವರಿ ನಾಲ್ಕು ಜಾಗಕ್ಕೆ ಆರು ಜನರನ್ನು ಕೂರಿಸಿದ್ದೆ. ಅಕ್ಕ ಮತ್ತು ಆ ಹುಡುಗ ಸುಮ್ನೆ ಮಾತಾಡುತ್ತಾ ಕೂತಾಗ ಲೆಕ್ಕ ತಾಳೆಯಾಗಲಿಲ್ಲ. ಗುಂಪಿನಲ್ಲಿ ಐದನೆಯವರು, ಆರನೆಯವರು ತಾವೇ ಅಂತ ಅವರಿಗೆ ನನಗಿಂತ ಮೊದಲೇ ಗೊತ್ತಾಯಿತು. ಆರನೇ ಜಾಗದಲ್ಲಿರುವವರು ಎದುರಿನ ನಾಲ್ವರ ಜೊತೆ ಹೋದರೆ ಐದನೆಯವರಾಗುತ್ತಾರಲ್ವಾ? ಒಂದು ಮೆಟ್ಟಿಲಾದರೂ ಮೇಲೆ. ಕೈ ಕೊಟ್ಟರು ಅಂತ ಎರಡು ದಿನ ಬೈದುಕೊಂಡೆ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಎರಡನೇ ಆಟದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಒಬ್ಬೊಬ್ಬರಿಗೂ ಒಂದು ಪುಟ. ಅದರಲ್ಲಿ ಬರೆದದ್ದು ಒಂದೇ ವಿಷಯ: ಇವರು ಕೊನೆಯವರೆಗೆ ಯಾರನ್ನು ಕರೆದುಕೊಂಡು ಹೋಗಬೇಕು ಅಂತಿದ್ದಾರೆ, ಆ ಪಟ್ಟಿಯಲ್ಲಿ ನಾನು ಎಷ್ಟನೆಯವನು. ನನ್ನ ಪಟ್ಟಿಯಲ್ಲಿ ಅವರು ಎಷ್ಟನೆಯವರು ಅನ್ನೋದು ಹೇಗೂ ಗೊತ್ತಿರುತ್ತದೆ, ಅದರಿಂದ ಏನೂ ಉಪಯೋಗ ಇಲ್ಲ. ಕೊನೆಯ ಮೂವರ ಮಾತು ಒಬ್ಬರಿಗೆ ಮಾತ್ರ ಕೊಟ್ಟೆ. ಮಿಕ್ಕವರಿಗೆ ಮುಂದಿನ ಎರಡು ಓಟಿನವರೆಗೆ ಮಾತ್ರ ಮಾತು. ಜಾಸ್ತಿ ಕೇಳಿದರೆ "ಅಷ್ಟು ದೂರ ಯೋಚಿಸಿಲ್ಲ" ಅಂದುಬಿಡುತ್ತಿದ್ದೆ. ಆಶ್ಚರ್ಯ ಅಂದ್ರೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಗುಂಪಿನಲ್ಲಿ ಎಲ್ಲರಿಗಿಂತ ಕೆಳಗಿದ್ದವರ ಜೊತೆ ದಿನಾ ಮಾತಾಡಿದೆ, ಅದೂ ಓಟಿನ ಬಗ್ಗೆ ಅಲ್ಲದೆ. ಯಾರನ್ನು ಕಳಿಸೋಣ ಅನ್ನೋ ಹೆಸರನ್ನು ಮೊದಲು ಅವರ ಬಾಯಿಂದಲೇ ಬರಿಸುತ್ತಿದ್ದೆ. ತಾನೇ ಹೇಳಿದ ಹೆಸರಿಗೆ ಓಟು ಹಾಕುವವರು ಆ ರಾತ್ರಿ ಓಡಿಹೋಗುವುದು ಕಡಿಮೆ. ಈ ಸಲ 10 ಜನರಲ್ಲಿ ನಾವು ಏಳು, ಅವರು ಮೂವರು. ಓಟು ಒಡೆದೆವು, ನಾಲ್ಕು ಒಬ್ಬನಿಗೆ, ಮೂರು ಇನ್ನೊಬ್ಬನಿಗೆ. ಮೊದಲಿನವನು ಐಡಲ್ ತೆಗೆದ, ನಾಲ್ಕೂ ಹೋಯಿತು. ಉಳಿದದ್ದು ನಮ್ಮ ಮೂರು, ಅವರು ನಮ್ಮವರೊಬ್ಬರಿಗೆ ಹಾಕಿದ ಮೂರು. ಸಮ. ಮತ್ತೆ ಓಟು. ಸಮ ಓಟು ಬಿದ್ದ ಇಬ್ಬರು ಓಟು ಹಾಕುವ ಹಾಗಿಲ್ಲ, ಹಾಗಾಗಿ ಆರು ಎರಡು. ಟೀಚರ್ ನೆನಪಾದರು.

ಟಾಸ್ಕ್‌ಗಳ ಬಗ್ಗೆ ಹೇಳೋಕೆ ಏನಿಲ್ಲ, ಒಂದೂ ಗೆಲ್ಲಲಿಲ್ಲ. ಟಾಸ್ಕ್ ಗೆದ್ದು ಇಮ್ಯುನಿಟಿ, ಅಂದ್ರೆ ಅವತ್ತು ನಿಮಗೆ ಯಾರೂ ಓಟು ಹಾಕುವ ಹಾಗಿಲ್ಲ ಅನ್ನೋ ರಕ್ಷಣೆ, ಸಿಕ್ಕರೂ ಬಚಾವಾಗುತ್ತೀರಿ ಅಂತೇನಿಲ್ಲ. 2008ರ ಒಂದು ಸೀಸನ್‌ನಲ್ಲಿ ಎರಿಕ್ ಅನ್ನುವವನ ಕತ್ತಿನಲ್ಲೇ ಇಮ್ಯುನಿಟಿ ಸರ ಇತ್ತು. ಮಿಕ್ಕ ನಾಲ್ವರು ಹೆಂಗಸರು ಮಾತಾಡಿ ಮಾತಾಡಿ ಅದನ್ನು ಅವನಿಂದಲೇ ಇನ್ನೊಬ್ಬಳಿಗೆ ಕೊಡಿಸಿದರು. ಅದೇ ರಾತ್ರಿ ಅವನನ್ನೇ ಕಳಿಸಿದರು. ನಂಬೋಕೆ ಕಷ್ಟ, ಆದರೆ ಆಡಿದ ಮೇಲೆ ನನಗೆ ಅಷ್ಟೇನೂ ವಿಚಿತ್ರ ಅನಿಸುವುದಿಲ್ಲ.

ಕೊನೆಯ ಮೂವರಲ್ಲಿ ಬಂದೆ. ಜ್ಯೂರಿಯಲ್ಲಿ ಒಬ್ಬರು ನರ್ಸ್ ಇದ್ದರು, ನಾನೇ ಹಟ ಹಿಡಿದು ಕಳಿಸಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ನನ್ನನ್ನು ಕಳಿಸಿದ ದಿನ ನೀವು ನನ್ನ ಜೊತೆ ಒಂದು ಗಂಟೆ ಮಾತಾಡಿದಿರಿ. ನನ್ನ ನೈಟ್ ಡ್ಯೂಟಿ, ನಿದ್ದೆ, ಎಲ್ಲ ಕೇಳಿದಿರಿ. ಅದು ಯಾಕೆ ಬೇಕಿತ್ತು?"

ನಿಜ ಹೇಳಿದೆ. ದಿನಾ ಮಾತಾಡುವವನು ಅವತ್ತು ಮಾತಾಡದಿದ್ದರೆ ನಿಮಗೆ ಅನುಮಾನ ಬರುತ್ತಿತ್ತು, ಅದಕ್ಕೆ ಅಂತ.

ಅವರು "ಓ" ಅಂತ ಒಂದೇ ಅಕ್ಷರ ಬರೆದರು. 4-3ರಲ್ಲಿ ಸೋತೆ.