ಬದಲಾದ ಪೇಜುಗಳ ಲೆಕ್ಕ: ನನ್ನ ಅನುಭವ

ನಮ್ಮ ಸರ್ವರ್‌ನಲ್ಲಿ 8 ಜಿಬಿ ಡೇಟಾ ಪೂರ್ತಿ ಮೆಮೊರಿಯಲ್ಲೇ ಇರುತ್ತದೆ. ಅದನ್ನು ಆಗಾಗ ಡಿಸ್ಕಿಗೆ ಇಳಿಸಬೇಕಿತ್ತು, ಇದಕ್ಕೆ ಚೆಕ್‌ಪಾಯಿಂಟ್ ಅನ್ನುತ್ತಾರೆ. ಪ್ರತಿ ಸಲ ಅಷ್ಟನ್ನೂ ಬರೆಯುವುದು ದಂಡ. ಹೋದ ಸಲದ ನಂತರ ಬದಲಾದ ಪೇಜುಗಳನ್ನಷ್ಟೇ (ಮೆಮೊರಿಯನ್ನು ಹಂಚುವ ಸಣ್ಣ ಘಟಕಗಳು) ಬರೆದರೆ ಸಾಕು, ಅಲ್ವಾ? ಯಾವುವು ಬದಲಾದವು ಅಂತ ತಿಳಿಯಲು ನಾನು ಹಿಡಿದದ್ದು ಹಳೆಯ ದಾರಿ. ಮೆಮೊರಿಯ ಅನುಮತಿ ಬದಲಿಸುವ ಲಿನಕ್ಸಿನ ಎಂಪ್ರೊಟೆಕ್ಟ್ ಕರೆದು ಇಡೀ ಜಾಗಕ್ಕೆ ಬರೆಯದಂತೆ ಬೀಗ ಹಾಕುವುದು. ಯಾರಾದರೂ ಬರೆಯಲು ಹೋದರೆ ಪ್ರೊಸೆಸರ್ ತಡೆಯುತ್ತದೆ (ಇದೇ ಪೇಜ್ ಫಾಲ್ಟ್), ಲಿನಕ್ಸಿನ ತಿರುಳಾದ ಕರ್ನಲ್ ನಮಗೆ ಸಿಗ್‌ಸೆಗ್‌ವಿ ಎಂಬ ಎಚ್ಚರಿಕೆಯ ಸಿಗ್ನಲ್ ಕಳಿಸುತ್ತದೆ. ಸಿಗ್ನಲ್ ಬಂದಾಗ ಓಡುವ ನಮ್ಮ ಹ್ಯಾಂಡ್ಲರ್‌ನಲ್ಲಿ ಆ ಪೇಜನ್ನು ಗುರುತು ಹಾಕಿಕೊಂಡು ಬೀಗ ತೆಗೆದರೆ ಆಯಿತು.

ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿಯೇ ನಡೆಯಿತು. ನಿಜವಾದ ಕೆಲಸ ಶುರುವಾದ ಮೇಲೆ ನೆಟ್‌ವರ್ಕ್ ಸಂಪರ್ಕಗಳು ಕಡಿದುಹೋಗತೊಡಗಿದವು. ಅದೂ ಚೆಕ್‌ಪಾಯಿಂಟ್ ಮುಗಿದ ತಕ್ಷಣ ಮಾತ್ರ. ಎರಡು ದಿನ ನೆಟ್‌ವರ್ಕ್ ಕೋಡನ್ನೇ ಜಾಲಾಡಿದೆ. ಕೊನೆಗೆ ಸಿಸ್ಟಮ್ ಕಾಲ್‌ಗಳನ್ನು (ಕರ್ನಲ್‌ಗೆ ಮಾಡುವ ಕರೆಗಳು) ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದರೆ, ನೆಟ್‌ವರ್ಕಿನಿಂದ ಬಂದದ್ದನ್ನು ನಮ್ಮ ಬಫರ್‌ಗೆ ತುಂಬುವ ರೀಡ್ ಈಫಾಲ್ಟ್ (ಆ ವಿಳಾಸ ಬಳಸಲಾಗದು) ಅಂತ ಸೋತು ವಾಪಸ್ ಬರುತ್ತಿತ್ತು. ಆಗ ಅರ್ಥವಾಯಿತು. ನಮ್ಮ ಕೋಡ್ ಬರೆದರೆ ಸಿಗ್ನಲ್ ಬರುತ್ತದೆ. ಆದರೆ ನಮ್ಮ ಪರವಾಗಿ ಕರ್ನಲ್ ಬೀಗ ಹಾಕಿದ ಬಫರ್‌ಗೆ ಬರೆಯಲು ಹೋದರೆ ಸಿಗ್ನಲ್ ಬರುವುದಿಲ್ಲ, ಸುಮ್ನೆ ಎರರ್ ಕೊಡುತ್ತದೆ. ಈಗ ರೀಡ್ ಕರೆಯುವ ಮೊದಲು ಬಫರ್‌ನ ಪ್ರತಿ ಪೇಜಿಗೂ ಒಂದೊಂದು ಬೈಟ್ ನಾವೇ ಬರೆಯುತ್ತೇವೆ. ರೀಡ್ ಮುಗಿಯುವ ತನಕ ಚೆಕ್‌ಪಾಯಿಂಟ್ ನಡುವೆ ನುಗ್ಗದಂತೆ ಒಂದು ಲಾಕ್ ಇದೆ.

ವೇಗದ ತೊಂದರೆ ಬೇರೆಯದೇ. 8 ಜಿಬಿ ಅಂದರೆ 4 ಕೆಬಿ ಪೇಜು 20,97,152. ಬೀಗ ಹಾಕುವುದು ಒಂದೇ ಕರೆ. ಬೆಲೆ ಕೊಡುವುದು ಆಮೇಲೆ, ಒಂದೊಂದು ಪೇಜಿಗೂ. ಫಾಲ್ಟ್, ಸಿಗ್ನಲ್, ಮತ್ತೆ ಎಂಪ್ರೊಟೆಕ್ಟ್, ಸಿಗ್ನಲ್‌ನಿಂದ ವಾಪಸ್. ಚೆಕ್‌ಪಾಯಿಂಟಿನಲ್ಲಿ ಮತ್ತೆ ಬೀಗ ಹಾಕುವಾಗ ಬೇರೆ ಕೋರ್‌ಗಳ ಟಿಎಲ್‌ಬಿಯಲ್ಲಿ (ಪೇಜುಗಳ ವಿಳಾಸ, ಅನುಮತಿ ನೆನಪಿಡುವ ಸಣ್ಣ ಕ್ಯಾಶ್) ಉಳಿದ ಹಳೆಯ ಅನುಮತಿಯನ್ನೂ ಅಳಿಸಬೇಕು, ಅದಕ್ಕೆ ಆ ಕೋರ್‌ಗಳ ಕೆಲಸ ತಡೆಯಬೇಕು. ಥ್ರೆಡ್ ಜಾಸ್ತಿಯಾದಷ್ಟೂ ಇದು ನೋಯಿಸುತ್ತದೆ. ಇನ್ನೊಂದು ಪೆಟ್ಟು ನಾನು ಎಣಿಸಿರಲಿಲ್ಲ. 2 ಎಂಬಿಯ ದೊಡ್ಡ ಪೇಜಿನ ನಡುವೆ 4 ಕೆಬಿಗೆ ಬೀಗ ತೆಗೆದರೆ ಆ ದೊಡ್ಡ ಪೇಜಿನ ಮ್ಯಾಪಿಂಗ್ ಒಡೆದು 4 ಕೆಬಿಯವಾಗುತ್ತದೆ, ಟಿಎಲ್‌ಬಿಯಲ್ಲಿ ಒಂದರ ಜಾಗಕ್ಕೆ ಹಲವು ಬೇಕಾಗುತ್ತವೆ. ಬರೆಯುವುದು ಬಿಡಿ, ಓದುವುದೂ ನಿಧಾನವಾಯಿತು.

ಅಲ್ಲಲ್ಲಿ ಚದುರಿದಂತೆ ಬರೆದಾಗ ಹ್ಯಾಂಡ್ಲರ್‌ನಲ್ಲೇ ಎಂಪ್ರೊಟೆಕ್ಟ್ ಸೋತಿತು. ನಡುವಿನ ಒಂದು ಪೇಜಿಗೆ ಬೀಗ ತೆಗೆದರೆ ಕರ್ನಲ್‌ನ ಲೆಕ್ಕದ ಪುಸ್ತಕದಲ್ಲಿ ಒಂದು ಜಾಗ ಮೂರು ತುಂಡಾಗುತ್ತದೆ. ಒಂದು ಪ್ರೋಸೆಸ್‌ಗೆ ಸಾಮಾನ್ಯವಾಗಿ ಇರುವ ಮಿತಿ 65,530 ತುಂಡು. ಮಿತಿ ಏರಿಸಬಹುದು, ಆದರೆ ಅದು ಗಾಯ ಮುಚ್ಚಿದಂತೆ ಅಷ್ಟೇ.

ಬೀಗದ ಅಳತೆ ಬದಲಿಸಿದ್ದೇ ನಿಜವಾಗಿ ಕೈಹಿಡಿದದ್ದು. ಸಾಲಾಗಿ ಬರೆಯುವ ಲಾಗ್ ಭಾಗಕ್ಕೆ 64 ಕೆಬಿಗೆ ಒಂದು ಬೀಗ. 16 ಫಾಲ್ಟ್ ಇದ್ದ ಕಡೆ ಈಗ ಒಂದು. ಹ್ಯಾಶ್ ಟೇಬಲ್‌ಗೆ ಇದು ಒಗ್ಗಲಿಲ್ಲ. ಅಲ್ಲಿ 8 ಬೈಟ್ ಬದಲಾದರೂ 64 ಕೆಬಿ ಡಿಸ್ಕಿಗೆ ಹೋಗುತ್ತಿತ್ತು. ಆ ಭಾಗಕ್ಕೆ ಯೂಸರ್‌ಫಾಲ್ಟ್‌ಎಫ್‌ಡಿ (ಫಾಲ್ಟ್ ಸುದ್ದಿಯನ್ನು ನಮ್ಮ ಪ್ರೋಗ್ರಾಮಿಗೇ ಕೊಡುವ ಲಿನಕ್ಸ್ ಸೌಲಭ್ಯ) ಬಳಸಿದೆ. ಬರೆಯದಂತೆ ತಡೆಯುವ ಸೌಲಭ್ಯ ಅದಕ್ಕೆ ಬಂದದ್ದು 2020ರ ಲಿನಕ್ಸ್ 5.7ರಲ್ಲಿ. ಬೀಗ ಒಂದೊಂದು ಪೇಜಿನ ವಿವರ ಇಡುವ ಪೇಜ್ ಟೇಬಲ್‌ನಲ್ಲೇ ಇರುವುದರಿಂದ ಜಾಗ ತುಂಡಾಗುವುದಿಲ್ಲ. ಆದರೆ ಫಾಲ್ಟ್ ಸುದ್ದಿ ಇನ್ನೊಂದು ಥ್ರೆಡ್‌ಗೆ ಹೋಗಿ ಬರುವ ತನಕ ಬರೆಯುವ ಥ್ರೆಡ್ ಕಾಯಬೇಕು.

ಲಿನಕ್ಸ್ 6.7ರಿಂದ ಆ ಕಾಯುವಿಕೆಯೂ ಬೇಕಿಲ್ಲ. ಫಾಲ್ಟನ್ನು ಕರ್ನಲ್ ತಾನೇ ಮುಗಿಸಿ ಗುರುತು ಇಟ್ಟುಕೊಳ್ಳುತ್ತದೆ. ನಾವು ಪೇಜ್‌ಮ್ಯಾಪ್ (ಪೇಜುಗಳ ಸ್ಥಿತಿ ತಿಳಿಸುವ ಕರ್ನಲ್ ಫೈಲ್) ಸ್ಕ್ಯಾನ್ ಮಾಡಿದರೆ ಬದಲಾದವುಗಳ ಪಟ್ಟಿ ಕೊಟ್ಟು, ಅದೇ ಕರೆಯಲ್ಲಿ ಮತ್ತೆ ಬೀಗ ಹಾಕುತ್ತದೆ. ಪ್ರತಿ ಪೇಜಿಗೆ ಮೊದಲ ಫಾಲ್ಟ್ ಇದ್ದೇ ಇರುತ್ತದೆ, ಆದರೆ ನಮ್ಮ ಕೋಡ್‌ವರೆಗೆ ಬರುವುದಿಲ್ಲ. ನಮ್ಮ ಸರ್ವರ್‌ನ ಕರ್ನಲ್ ಇನ್ನೂ 5.15. ಹೊಸದು ಹಾಕಿದ ದಿನ ಮೊದಲು ತೆಗೆದುಹಾಕುವುದು ಆ ಕಾಯುವ ಥ್ರೆಡ್ಡನ್ನೇ.