ಟಾನ್ಸಿಲ್, ಅಡಿನಾಯ್ಡ್: ಗಂಟಲು ನೋಡಿ ಕೋಡ್ ಹಾಕುವುದು ಹೇಗೆ?

ಡಿಸ್ಚಾರ್ಜ್ ಸಮರಿಯಲ್ಲಿ ಬರೀ ‘ಟಾನ್ಸಿಲೈಟಿಸ್’ ಎಂದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಕೋಡ್ ಪಟ್ಟಿಯಾದ ಐಸಿಡಿ-10 ಪ್ರಕಾರ ಅದು ಜೆ03.9, ಅಂದರೆ ತೀವ್ರ ಸೋಂಕು. ನಾಲ್ಕು ದಿನದ ಗಂಟಲುನೋವಿಗೆ ಟಾನ್ಸಿಲ್ ಯಾಕೆ ತೆಗೆದಿರಿ ಎಂದು ವಿಮೆಯವರು ಕೇಳದೆ ಬಿಡುತ್ತಾರೆಯೇ? ಅದರ ಜೊತೆ ‘ಕ್ರಾನಿಕ್’ (ದೀರ್ಘಕಾಲದ) ಎಂಬ ಪದ ಇದ್ದರಷ್ಟೇ ಜೆ35.0. ಅದನ್ನು ವೈದ್ಯರೇ ಬರೆಯಬೇಕು, ಕೋಡ್ ಹಾಕುವವರು (ಕೋಡರ್) ಊಹಿಸಿ ಸೇರಿಸುವಂತಿಲ್ಲ.

ಮೊದಲು ಹಳೆಯ ಚೀಟಿಗಳನ್ನು ತರಿಸಿ ಎಣಿಸಿ. ಗಂಟಲಿನ ಸೋಂಕು ಒಂದೇ ವರ್ಷದಲ್ಲಿ 7 ಸಲ, ಸತತ ಎರಡು ವರ್ಷ 5 ಸಲದಂತೆ, ಇಲ್ಲವೇ ಮೂರು ವರ್ಷ 3 ಸಲದಂತೆ ಬಂದಿರಬೇಕೆಂಬುದು ಪ್ಯಾರಡೈಸ್ ಮಾನದಂಡ. ಪ್ರತಿ ಸಲವೂ ಗಂಟಲುನೋವಿನ ಜೊತೆ 38.3 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಕುತ್ತಿಗೆಯ ಗಂಟು, ಟಾನ್ಸಿಲ್ ಮೇಲೆ ಕೀವು, ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಪರೀಕ್ಷೆ ಪಾಸಿಟಿವ್ ಇವುಗಳಲ್ಲಿ ಒಂದಾದರೂ ದಾಖಲಾಗಿರಬೇಕು. ಇದು ಆಪರೇಷನ್ ಬೇಕೇ ಎಂಬುದರ ಲೆಕ್ಕ. ಮತ್ತೆ ಮತ್ತೆ ಬರುವುದು ಬೇರೆ, ವಾಸಿಯಾಗದೆ ಉಳಿಯುವುದು ಬೇರೆ.

ಸೋಂಕು ವಾಸಿಯಾಗದೆ ಉಳಿದಿದೆಯೇ ಎಂದು ತಿಳಿಯಲು ಜ್ವರವಿಲ್ಲದ ದಿನ ಬಾಯಿ ತೆರೆಸಿ. ಟಾನ್ಸಿಲ್ ಮುಂದಿನ ಮಡಿಕೆ ಕೆಂಪಾಗಿದ್ದು, ಸ್ಪ್ಯಾಚುಲಾದಿಂದ (ನಾಲಗೆ ಒತ್ತುವ ಪಟ್ಟಿ) ಒತ್ತಿದರೆ ಗಿಣ್ಣಿನಂಥ ಕೀವು ಹೊರಬಂದರೆ, ದವಡೆಯ ಮೂಲೆಯಲ್ಲಿ ಗಂಟು ಕೈಗೆ ಸಿಕ್ಕರೆ ದೀರ್ಘಕಾಲದ ಸೋಂಕು ಎನ್ನಬಹುದು. ಗಾತ್ರಕ್ಕೆ, ಎರಡೂ ಟಾನ್ಸಿಲ್ ಸೇರಿ ಗಂಟಲಿನ ಅಗಲದ ಎಷ್ಟು ಭಾಗ ಮುಚ್ಚಿವೆ ನೋಡಿ: 25%ವರೆಗೆ ಗ್ರೇಡ್ 1, 50%ವರೆಗೆ 2, 75%ವರೆಗೆ 3, ಅದಕ್ಕೂ ಮೇಲೆ 4. ಮಗು ಓಕರಿಸಿದರೆ ಟಾನ್ಸಿಲ್‌ಗಳು ನಡುವಿಗೆ ಸರಿದು, 2 ಇದ್ದದ್ದು 4ರಂತೆ ಕಾಣುತ್ತದೆ. ನಾಲಗೆಯ ಹಿಂಭಾಗ ಮುಟ್ಟಬೇಡಿ. ಒಂದೇ ಬದಿ ದಪ್ಪವಾಗಿದ್ದರೆ ಜೆ35 ಬರೆದು ಕೈತೊಳೆದುಕೊಳ್ಳುವಂತಿಲ್ಲ. ಲಿಂಫೋಮಾ ಎಂಬ ಕ್ಯಾನ್ಸರ್ ಇಲ್ಲವೆಂದು ಖಚಿತವಾಗಬೇಕು.

ಮೂಗಿನ ಹಿಂದಿರುವ ಗ್ರಂಥಿಯಾದ ಅಡಿನಾಯ್ಡ್ ಬಾಯಿಂದ ಕಾಣದು. ತಣ್ಣಗಿನ ಸ್ಟೀಲ್ ಸ್ಪ್ಯಾಚುಲಾವನ್ನು ಮೂಗಿನ ಕೆಳಗೆ ಹಿಡಿದರೆ ಉಸಿರಿನ ಮಂಜು ಎರಡೂ ಕಡೆ ಮೂಡಬೇಕು. ಪಕ್ಕದಿಂದ ತೆಗೆಯುವ ಎಕ್ಸ್‌ರೇಯಲ್ಲಿ ಮಗು ಬಾಯಿ ಮುಚ್ಚಿ ಮೂಗಿನಿಂದ ಉಸಿರೆಳೆಯುತ್ತಿರಬೇಕು. ಅತ್ತರೆ ಮೃದು ಅಂಗುಳ ಮೇಲೇರಿ ದಾರಿ ಕಿರಿದಾದಂತೆ ಕಾಣುತ್ತದೆ. ಎಂಡೋಸ್ಕೋಪಿಯಲ್ಲಿ ಈ ಮೋಸವಿಲ್ಲ.

ಈಗ ಕೋಡ್. ದೀರ್ಘಕಾಲದ ಟಾನ್ಸಿಲ್ ಸೋಂಕು ಜೆ35.0. ಬರೀ ಊತವಾದರೆ ಟಾನ್ಸಿಲ್‌ಗೆ ಜೆ35.1, ಅಡಿನಾಯ್ಡ್‌ಗೆ ಜೆ35.2. ಎರಡೂ ಊದಿದ್ದರೆ ಜೆ35.3 ಒಂದೇ ಸಾಕು, 35.1 ಮತ್ತು 35.2 ಜೋಡಿಸುವುದು ತಪ್ಪು. ಟಾನ್ಸಿಲ್ ಕಲ್ಲಿಗೆ ಜೆ35.8. ಟಾನ್ಸಿಲ್ ಸುತ್ತ ಕೀವುಗಟ್ಟಿದ್ದರೆ ಜೆ36. ಕಿವಿಯಲ್ಲಿ ಅಂಟುದ್ರವ ನಿಂತಿದ್ದರೆ ಎಚ್65.3, ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಜಿ47.3 ಬೇರೆಯಾಗಿ ಸೇರಿಸಿ. ಜೆ35.01, 35.02, 35.03 ಅಮೆರಿಕದ ಪಟ್ಟಿಯವು. ಸಾಫ್ಟ್‌ವೇರ್‌ನಲ್ಲಿ ಎರಡೂ ಪಟ್ಟಿ ತೆರೆದಿದ್ದರೆ ಕಲಬೆರಕೆಯಾಗುವುದು ಇಲ್ಲೇ.

ಕೇಸ್ ಶೀಟಿನ ‘ಟಿ ಅಂಡ್ ಎ’ (ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಯುವುದು) ಆಪರೇಷನ್ನಿನ ಹೆಸರು, ಕಾಯಿಲೆಯದ್ದಲ್ಲ. ಅದನ್ನು ನೋಡಿ ಜೆ35.3 ಹಾಕಬೇಡಿ. ದಾಖಲು ಮಾಡಿಕೊಳ್ಳುವ ಮುನ್ನ ಪಾಲಿಸಿ ಶುರುವಾದ ದಿನಾಂಕವನ್ನೂ ನೋಡಿ: ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಈ ಎರಡೂ ಆಪರೇಷನ್‌ಗಳಿಗೆ 24 ತಿಂಗಳು ಕಾಯಬೇಕು.